ರೇಸ್‌ಟ್ರ್ಯಾಕ್‌ನ ಕಲ್ಲುಗಳು ತಾವೇ ನಡೆದಿವೆಯಂತೆ, ಅಪ್ಪ ನಂಬುತ್ತಿಲ್ಲ

ಹಾದಿಹೋಕ:

ಎಲ್ಲರಿಗೂ ನಮಸ್ಕಾರ. ಇದು ನನ್ನ ಮತ್ತು ಅಪ್ಪನ ನಡುವಿನ ಜಗಳ. ಮೂರು ವಾರದಿಂದ ನಡೆಯುತ್ತಿದೆ, ಯಾರಾದರೂ ಬಿಡಿಸಿಕೊಡಿ.

ಮಾರ್ಚ್‌ನಲ್ಲಿ ಅಪ್ಪನನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೆ ಹೋಗಿದ್ದೆ. ಯೂಬಿಹೀಬಿ ಜ್ವಾಲಾಮುಖಿ ಕುಳಿಯ ಹತ್ತಿರ ಡಾಂಬರು ಮುಗಿಯುತ್ತದೆ. ಅಲ್ಲಿಂದ ರೇಸ್‌ಟ್ರ್ಯಾಕ್ ಪ್ಲಾಯಾಕ್ಕೆ ಸುಮಾರು 43 ಕಿ.ಮೀ. ಜಲ್ಲಿ ರಸ್ತೆ. ಜಲ್ಲಿ ಅನ್ನೋದಕ್ಕಿಂತ ಚಾಕು ಅನ್ನಬಹುದು. ಒಂದು ಟೈರು ಹೋಯಿತು. ಟೀಕೆಟಲ್ ಜಂಕ್ಷನ್ ಎನ್ನುವ ಕಡೆ ಯಾರ್ಯಾರೋ ಹಳೇ ಕೆಟಲ್‌ಗಳನ್ನು ನೇತುಹಾಕಿದ್ದಾರೆ. ಅವುಗಳ ಪಕ್ಕದಲ್ಲಿ ಕೂತು ಸ್ಟೆಪ್ನಿ ಹಾಕಿದೆವು. ಅಪ್ಪ ಒಂದು ಮಾತೂ ಆಡಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿ.

ಪ್ಲಾಯಾ ಅಂದರೆ ಒಣಗಿದ ಕೆರೆಯಂಗಳ. ನಾಲ್ಕೂವರೆ ಕಿ.ಮೀ. ಉದ್ದ, ಎರಡು ಕಿ.ಮೀ. ಅಗಲ. ಸಾರಿಸಿದ ಅಂಗಳದಷ್ಟು ಸಮ. ಈ ತುದಿಗೂ ಆ ತುದಿಗೂ ಎತ್ತರದಲ್ಲಿ ವ್ಯತ್ಯಾಸ ಕೆಲವೇ ಸೆಂಟಿಮೀಟರ್ ಅಂತೆ. ಒಣ ಕೆಸರು ಅಂಗೈಯಗಲದ ಚೂರುಗಳಾಗಿ ಬಿರಿದಿತ್ತು. ದಕ್ಷಿಣದ ತುದಿಗೆ ಹೋದರೆ ಅಲ್ಲಲ್ಲಿ ಕಲ್ಲುಗಳು. ಪಕ್ಕದ ಗುಡ್ಡದಿಂದ ಉರುಳಿ ಬಿದ್ದವು. ಅದು ಸರಿ. ಆದರೆ ಒಂದೊಂದು ಕಲ್ಲಿನ ಹಿಂದೆಯೂ ಉದ್ದನೆಯ ಗೆರೆ! ಆಳ ಒಂದು ಬೆರಳಿನಷ್ಟೂ ಇಲ್ಲ. ಎರಡೂ ಅಂಚಿನಲ್ಲಿ ಕೆಸರು ಸಣ್ಣಗೆ ಏರಿ ಒಣಗಿದೆ, ನೇಗಿಲು ಹೋದ ಸಾಲಿನ ಹಾಗೆ. ಅಪ್ಪ ಒಂದು ಗೆರೆಯ ಪಕ್ಕ ಹೆಜ್ಜೆ ಹಾಕುತ್ತಾ ಎಣಿಸಿದರು. 84 ಹೆಜ್ಜೆ. ಕೊನೆಯಲ್ಲಿದ್ದ ಕಲ್ಲು ನಮ್ಮ ಪ್ರೆಷರ್ ಕುಕ್ಕರಿನಷ್ಟು ದಪ್ಪ. ಹೋದ ದಾರಿಯೂ ನೇರವಿಲ್ಲ. ಅರ್ಧಕ್ಕೆ ಬಂದು ಬಲಕ್ಕೆ ತಿರುಗಿದೆ.

ಸುತ್ತ ಕಾಲಿನ ಗುರುತಿಲ್ಲ, ಚಕ್ರದ ಗುರುತಿಲ್ಲ.

ಮಂಜುಗಡ್ಡೆ ಮತ್ತು ಗಾಳಿ ಸೇರಿ ತಳ್ಳುತ್ತವೆ ಎಂದು ಎಲ್ಲೋ ಓದಿದ್ದೆ. ಅಲ್ಲೇ ಅಪ್ಪನಿಗೆ ಹೇಳಿದೆ. ಅವರು ನಕ್ಕುಬಿಟ್ಟರು. "ಹಿಂದಿನ ದಿನ ಫರ್ನೆಸ್ ಕ್ರೀಕ್‌ನಲ್ಲಿ ಬೋರ್ಡ್ ಓದಿದೆಯಲ್ಲೋ, 1913ರಲ್ಲಿ 56.7 ಡಿಗ್ರಿ ಅಂತ. ಇಲ್ಲಿ ಮಂಜುಗಡ್ಡೆ ಎಲ್ಲಿಂದ ಬರುತ್ತೆ?" ಆಮೇಲೆ ಪಕ್ಕದಲ್ಲೇ ಇದ್ದ ಇನ್ನೊಂದು ಕಲ್ಲು ತೋರಿಸಿದರು. ಅದಕ್ಕೆ ಗೆರೆಯೇ ಇರಲಿಲ್ಲ. "ಗಾಳಿ ಇದನ್ನು ತಳ್ಳಿ ಅದನ್ನು ಬಿಡ್ತಾ? ಗಾಳಿಗೂ ನೆಂಟಸ್ತಿಕೆ ಇದೆಯಾ?" ನನ್ನ ಬಳಿ ಉತ್ತರ ಇರಲಿಲ್ಲ. ವಾಪಸ್ ಬರುವಾಗ ಇನ್ನೊಂದು ಬಾಂಬ್ ಹಾಕಿದರು. ಇಷ್ಟೆಲ್ಲ ಕಲ್ಲು ಓಡಾಡಿದರೆ ನೂರು ವರ್ಷದಲ್ಲಿ ಒಬ್ಬರಾದರೂ ಕಣ್ಣಾರೆ ನೋಡಿರಬೇಕಲ್ವಾ?

ಗೊತ್ತಿದ್ದವರು ಬಿಡಿಸಿ ಹೇಳಿ. ಅಪ್ಪನಿಗೆ ಓದಿ ಹೇಳಬೇಕು, ಆದ್ದರಿಂದ ಕಷ್ಟದ ಪದ ಬೇಡ.

ಸುಮ್ನೆ ಓದುವವ:

ನೆಲದ ಕೆಳಗೆ ಅಯಸ್ಕಾಂತ ಇದೆ ಅಂತ ಕೇಳಿದ್ದೆ. ಇಲ್ಲದಿದ್ದರೆ ಯಾರೋ ಹುಡುಗರು ರಾತ್ರಿ ಹೊತ್ತು ಮಾಡುವ ಕಿತಾಪತಿ. ನಿಮ್ಮ ಅಪ್ಪನಿಗೇ ನನ್ನ ಓಟು.

ತಂಪುಪೆಟ್ಟಿಗೆ:

ಅಯಸ್ಕಾಂತ ಅಲ್ಲ ಸಾರ್. ಆ ಕಲ್ಲುಗಳಲ್ಲಿ ಮುಕ್ಕಾಲು ಡಾಲಮೈಟ್, ಸುಣ್ಣದಕಲ್ಲಿನ ದಾಯಾದಿ. ಅಯಸ್ಕಾಂತಕ್ಕೂ ಅದಕ್ಕೂ ಮಾತುಕತೆಯೇ ಇಲ್ಲ. ಹುಡುಗರ ಕಿತಾಪತಿಯೂ ಅಲ್ಲ. ಆ ಗೆರೆ ಮೂಡಬೇಕಾದರೆ ನೆಲ ಹಸಿ ಇರಬೇಕು. ಹಸಿ ನೆಲದಲ್ಲಿ ನಡೆದರೆ ನಿಮ್ಮದೇ ಹೆಜ್ಜೆ ವರ್ಷಗಟ್ಟಲೆ ಸಾಕ್ಷಿ ಹೇಳುತ್ತದೆ.

ಹಾದಿಹೋಕರೇ, ನಾನು ಫ್ರಿಜ್ ಮತ್ತು ಕೋಲ್ಡ್ ಸ್ಟೋರೇಜ್ ರಿಪೇರಿ ಮಾಡುವವನು. ಮಂಜು ಎಲ್ಲಿ ಕಟ್ಟುತ್ತೆ, ಯಾಕೆ ಕಟ್ಟುತ್ತೆ ಎಂದು ನೋಡುವುದೇ ಇಪ್ಪತ್ತು ವರ್ಷದಿಂದ ಹೊಟ್ಟೆಪಾಡು. ಈ ಕಲ್ಲುಗಳ ಹುಚ್ಚು ಹಿಡಿದಿದ್ದೂ ಅದಕ್ಕೇ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಮೊದಲು ಅಪ್ಪನ ಮಂಜಿನ ಅನುಮಾನ. ಡೆತ್ ವ್ಯಾಲಿಯ ತಳ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಆ 56.7 ಡಿಗ್ರಿ ಬಿಸಿ ದಾಖಲಾದ ಜಾಗವೂ ಸಮುದ್ರಮಟ್ಟಕ್ಕಿಂತ ಕೆಳಗೆ, ಅದೂ ಜುಲೈಯಲ್ಲಿ. ರೇಸ್‌ಟ್ರ್ಯಾಕ್ ಇರುವುದು ಬೆಟ್ಟಗಳ ನಡುವೆ, ಸುಮಾರು 1,130 ಮೀಟರ್ ಎತ್ತರದಲ್ಲಿ. ಡಿಸೆಂಬರ್ ರಾತ್ರಿ ಅಲ್ಲಿ ಸೊನ್ನೆಗಿಂತ ಕೆಳಗಿಳಿಯುವುದು ದೊಡ್ಡ ವಿಷಯವೇ ಅಲ್ಲ. ಮರುಭೂಮಿಯ ಆಕಾಶಕ್ಕೆ ಮೋಡದ ಹೊದಿಕೆ ಇಲ್ಲ. ಸಂಜೆಯಾದರೆ ನೆಲದ ಬಿಸಿಯೆಲ್ಲ ಮೇಲಕ್ಕೆ ಹೊರಟುಹೋಗುತ್ತದೆ. ಚಳಿಗೆ ಬರವಿಲ್ಲ. ಬರ ಇರುವುದು ನೀರಿಗೆ. ಎಷ್ಟೋ ವರ್ಷಗಳಿಗೊಮ್ಮೆ ಮಾತ್ರ ಚಳಿಗಾಲದ ಮಳೆ ಅಥವಾ ಹಿಮ ಬಿದ್ದು ಆ ಅಂಗಳದಲ್ಲಿ ನೀರು ನಿಲ್ಲುತ್ತದೆ. ನಿಂತರೂ ಪಾದ ಮುಳುಗುವಷ್ಟು.

ಈಗ ಕಥೆಗೆ ಬರೋಣ. ಈ ಕಲ್ಲುಗಳ ಬಗ್ಗೆ ಭೂವಿಜ್ಞಾನಿಗಳು ಬರೆಯಲು ಶುರುಮಾಡಿದ್ದು 1948ರಲ್ಲಿ. ಮೆಕಾಲಿಸ್ಟರ್ ಮತ್ತು ಆಗ್ನ್ಯೂ ಸುಳಿಗಾಳಿ ಇರಬಹುದು ಎಂದರು. 1955ರಲ್ಲಿ ಜಾರ್ಜ್ ಸ್ಟ್ಯಾನ್ಲಿ, ಬರೀ ಗಾಳಿಗೆ ಅಷ್ಟು ಶಕ್ತಿ ಇಲ್ಲ, ಮಂಜುಗಡ್ಡೆಯ ಹಾಳೆ ಇರಬೇಕು ಎಂದರು. ಆಮೇಲೆ ಬಂದವರು ಬಾಬ್ ಶಾರ್ಪ್ ಮತ್ತು ಡ್ವೈಟ್ ಕ್ಯಾರಿ. ಇವರು ನನಗೆ ತುಂಬಾ ಇಷ್ಟ. ಮೂವತ್ತು ಕಲ್ಲುಗಳಿಗೆ ಹೆಣ್ಣುಮಕ್ಕಳ ಹೆಸರಿಟ್ಟು ಏಳು ವರ್ಷ ಕಾದರು. ನ್ಯಾನ್ಸಿ ಎನ್ನುವುದು ಆರೂವರೆ ಸೆಂಟಿಮೀಟರಿನ ಪುಟ್ಟ ಕಲ್ಲು. ಒಟ್ಟು 262 ಮೀಟರ್ ಓಡಾಡಿತ್ತು. ಕ್ಯಾರನ್ ಎನ್ನುವುದು ಸುಮಾರು 320 ಕಿಲೋ ಬಂಡೆ. ಅಷ್ಟೂ ವರ್ಷ ಅಲ್ಲಾಡಲಿಲ್ಲ.

ಅವರೇ ಒಂದು ಜಾಣ ಪ್ರಯೋಗವನ್ನೂ ಮಾಡಿದರು. ಅರ್ಧ ಕಿಲೋದ ಒಂದು ಕಲ್ಲಿನ ಸುತ್ತ ಏಳು ಕಬ್ಬಿಣದ ಗೂಟ ಹೊಡೆದರು, ದೊಡ್ಡಿ ಕಟ್ಟಿದ ಹಾಗೆ. ಮಂಜಿನ ಹಾಳೆ ಕಲ್ಲನ್ನು ಹಿಡಿದು ಎಳೆಯುವುದಾದರೆ ಗೂಟಕ್ಕೆ ತಗಲಿ ನಿಲ್ಲಬೇಕು. ಮೊದಲ ಚಳಿಗಾಲದಲ್ಲೇ ಕಲ್ಲು ಗೂಟಗಳ ಸಂದಿಯಲ್ಲಿ ನುಸುಳಿ ಎಂಟೂವರೆ ಮೀಟರ್ ಆಚೆ ಹೋಗಿ ಕೂತಿತ್ತು! ಹೀಗಾಗಿ ಮಂಜಿನ ಮಾತು ಆಗ ಸ್ವಲ್ಪ ಬಿದ್ದುಹೋಯಿತು. ಅವರು ಊಹಿಸಿದ್ದು ದಪ್ಪ ಮಂಜು. ಈ ದಪ್ಪ ಎನ್ನುವುದೇ ಎಡವಟ್ಟು. ಮುಂದೆ ಹೇಳುತ್ತೇನೆ.

2011ರಲ್ಲಿ ರಿಚರ್ಡ್ ನಾರಿಸ್ ಮತ್ತು ಜೇಮ್ಸ್ ನಾರಿಸ್ ಎಂಬ ಕಸಿನ್‌ಗಳು ಕಲ್ಲುಗಳಿಗೆ ಜಿಪಿಎಸ್ ಕಟ್ಟುತ್ತೇವೆ ಎಂದು ಹೊರಟರು. ಅಲ್ಲಿನ ಕಲ್ಲು ಮುಟ್ಟಲು ಪಾರ್ಕಿನವರು ಒಪ್ಪಲಿಲ್ಲ. ಸರಿ ಎಂದು ಹೊರಗಿನಿಂದ ಹದಿನೈದು ಕಲ್ಲು ತಂದು, ತೂತು ಕೊರೆದು, ಒಳಗೆ ಯಂತ್ರ ಕೂರಿಸಿ ಅಲ್ಲಿ ಬಿಟ್ಟರು. ಪಕ್ಕದಲ್ಲಿ ಗಾಳಿ ಅಳೆಯುವ ಉಪಕರಣ ನಿಲ್ಲಿಸಿದರು. ಐದು ಹತ್ತು ವರ್ಷ ಕಾಯುವ ಲೆಕ್ಕ. ಜೊತೆಗಿದ್ದ ರಾಲ್ಫ್ ಲೊರೆನ್ಸ್‌ಗೆ ಇದು ಅತ್ಯಂತ ಬೋರ್ ಹೊಡೆಸುವ ಪ್ರಯೋಗ ಆಗಬಹುದು ಅನ್ನಿಸಿತ್ತಂತೆ.

2013ರ ನವೆಂಬರ್‌ನಲ್ಲಿ ಮಳೆ, ಹಿಮ ಎರಡೂ ಬಿದ್ದವು. ಡಿಸೆಂಬರ್‌ನಲ್ಲಿ ಇಬ್ಬರೂ ಅಲ್ಲಿಗೆ ಹೋದಾಗ ಅಂಗಳದ ಒಂದು ಭಾಗದಲ್ಲಿ ಏಳು ಸೆಂಟಿಮೀಟರ್ ನೀರು. ಮೇಲೆ ಮಂಜು. ದಪ್ಪ ಎಷ್ಟು ಗೊತ್ತಾ? ಮೂರರಿಂದ ಆರು ಮಿಲಿಮೀಟರ್. ಕಿಟಕಿ ಗಾಜಿನಷ್ಟು. ಡಿಸೆಂಬರ್ 20ರ ಬೆಳಿಗ್ಗೆ ಬಿಸಿಲು ಏರಿತು. ಹನ್ನೊಂದೂವರೆ ದಾಟಿದ ಮೇಲೆ ಕೆರೆ ತುಂಬಾ ಪಟಪಟ ಸದ್ದು. ಹಾಳೆ ಬಿರಿದು, ಹತ್ತಾರು ಮೀಟರ್ ಅಗಲದ ತುಂಡುಗಳಾಗಿ ತೇಲತೊಡಗಿತು. ಗಾಳಿ ಸೆಕೆಂಡಿಗೆ ನಾಲ್ಕೈದು ಮೀಟರ್, ಒಗೆದ ಬಟ್ಟೆ ಹಾರಾಡುವಷ್ಟು, ಅಷ್ಟೇ. ಆ ತುಂಡುಗಳು ಬಂದು ಕಲ್ಲುಗಳಿಗೆ ಒತ್ತಿಕೊಂಡವು. ಕಲ್ಲುಗಳು ಹೊರಟವು. ಆ ಒಂದೇ ದಿನ ಅರವತ್ತಕ್ಕೂ ಹೆಚ್ಚು!

ಕಣ್ಣಾರೆ ನೋಡಿದವರು ಇಲ್ಲವಾ ಎಂದು ಅಪ್ಪ ಕೇಳಿದರಲ್ಲ. ಇವರೇ.

ಅದಕ್ಕೂ ಮೊದಲು ಯಾಕೆ ಯಾರಿಗೂ ಕಾಣಲಿಲ್ಲ ಎನ್ನುವುದು ಇನ್ನೂ ಮಜವಾಗಿದೆ. ಕಲ್ಲು ಹೋಗುವ ವೇಗ ನಿಮಿಷಕ್ಕೆ ಎರಡರಿಂದ ಐದು ಮೀಟರ್. ಕೆಲವು ಸೆಕೆಂಡುಗಳಿಂದ ಹಿಡಿದು ಹೆಚ್ಚೆಂದರೆ 16 ನಿಮಿಷದ ಓಟ. ನೀವು ದಡದಲ್ಲಿ ನಿಂತಿದ್ದೀರಿ. ಸುತ್ತಲಿನ ಕಲ್ಲುಗಳೆಲ್ಲ ಒಟ್ಟಿಗೆ ಒಂದೇ ಕಡೆ ಹೋಗುತ್ತಿವೆ. ಹೋಲಿಸಿ ನೋಡಲು ನಿಂತ ಕಲ್ಲು ಬೇಕಲ್ವಾ? ಗೆರೆ ಬೇರೆ ಕೆಸರು ನೀರಿನ ಕೆಳಗಿದೆ. ಅದು ಕಾಣುವುದು ನೀರು ಇಂಗಿ ಒಣಗಿದ ಮೇಲೆ. ಅಂದರೆ ಯಾರೋ ಪ್ರವಾಸಿ ನೋಡಿಯೂ ನೋಡದೆ ಬಂದಿರಬಹುದು.

ಈಗ ನನ್ನ ಪ್ರಯೋಗ. ಲೊರೆನ್ಸ್ 2006ರ ಸುಮಾರಿಗೆ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಲ್ಲು, ನೀರು ಹಾಕಿ ಫ್ರೀಜರಿನಲ್ಲಿಟ್ಟು ನೋಡಿದ್ದರು. ನಾನು ಬಿಡುತ್ತೇನಾ? ಟ್ರೇಯಲ್ಲಿ ಜಿಗುಟು ಮಣ್ಣು, ಮೇಲೆ ಒಂದು ಕಲ್ಲು, ಎರಡು ಬೆರಳು ನೀರು. ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ನೋಡಿದರೆ ಮಣ್ಣಿನ ಸಮೇತ ಇಟ್ಟಿಗೆ. ಫ್ರೀಜರ್ ಎಲ್ಲ ಕಡೆಯಿಂದ ತಂಪು ಕೊಡುತ್ತೆ, ಕೆರೆ ಮೇಲಿನಿಂದ ಮಾತ್ರ ತಣ್ಣಗಾಗುತ್ತೆ. ಇಷ್ಟು ವರ್ಷದ ಸರ್ವೀಸ್ ಇಟ್ಟುಕೊಂಡು ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಎರಡನೇ ಸಲ ತಳಕ್ಕೂ ಬದಿಗೂ ಥರ್ಮೋಕೋಲ್ ಸುತ್ತಿ, ಮೂರು ಗಂಟೆಗೇ ತೆಗೆದೆ. ಮೇಲೆ ಹಪ್ಪಳದಂಥ ಪದರ, ಕೆಳಗೆ ನೀರು, ಅದರ ಕೆಳಗೆ ಮೆತ್ತಗಿನ ಕೆಸರು. ಅಂಚು ಕರಗಿಸಿ ಟೇಬಲ್ ಫ್ಯಾನ್ ಹಾಕಿದೆ. ಹಪ್ಪಳ ಜಾರಿ ಬಂದು ಕಲ್ಲಿಗೆ ತಾಗಿತು. ಕಲ್ಲು ಕದಲಲಿಲ್ಲ. ಫ್ಯಾನ್ ಮೂರಕ್ಕಿಟ್ಟರೂ ಇಲ್ಲ. ಕಡೆಗೆ ಹಪ್ಪಳವನ್ನೇ ಒಂದು ಬೆರಳಲ್ಲಿ ಒತ್ತಿದೆ. ಕಲ್ಲು ಸರಿಯಿತು! ಹಿಂದೆ ಸಣ್ಣ ಗೆರೆ. ಮಗಳು ವಿಡಿಯೊ ಮಾಡಿದ್ದಾಳೆ, ಬರೀ ನನ್ನ ಬೆರಳು ಕಾಣುತ್ತೆ.

ಬೆರಳಿಗೆ ಆಗಿದ್ದು ಫ್ಯಾನಿಗೆ ಯಾಕೆ ಆಗಲಿಲ್ಲ ಎನ್ನುವುದು ನನಗೆ ಬಹಳ ದಿನ ಬಿಡಿಸಲಾಗಲಿಲ್ಲ. ಇಲ್ಲಿ ಲೆಕ್ಕದವರು ಇದ್ದಾರೆ, ಅವರು ಹೇಳಲಿ.

ಲೆಕ್ಕದ ಟೀಚರ್:

ಕರೆದಿದ್ದೀರಿ, ಬಂದೆ. ನಿಮ್ಮ ಟ್ರೇ ಚಿಕ್ಕದಾಯಿತು ಅಣ್ಣಾ, ಅಷ್ಟೇ.

ಒಂದು ಅಂದಾಜು ಮಾಡೋಣ. ಹದಿನೈದು ಕಿಲೋ ಕಲ್ಲು ಎಂದಿಟ್ಟುಕೊಳ್ಳಿ. ಅದರ ಮುಖ ಹೆಚ್ಚುಕಮ್ಮಿ 18 ಸೆಂಟಿಮೀಟರ್ ಚೌಕ. ಸೆಕೆಂಡಿಗೆ 5 ಮೀಟರ್ ಗಾಳಿ ನೇರವಾಗಿ ಅದಕ್ಕೆ ಹೊಡೆದರೆ ತಳ್ಳುವುದು ಸುಮಾರು 50 ಗ್ರಾಂ ತೂಕದಷ್ಟು. ಒಂದು ಕೋಳಿಮೊಟ್ಟೆಯ ಭಾರ. ಕಲ್ಲು ಜಾರಬೇಕಾದರೆ ಅದರ ತೂಕದ ಅರ್ಧದಷ್ಟಾದರೂ ತಳ್ಳಬೇಕು ಎಂದುಕೊಂಡರೆ ಏಳೂವರೆ ಕಿಲೋ ಬೇಕು. 150 ಪಟ್ಟು. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಆದ್ದರಿಂದ ವೇಗ 12 ಪಟ್ಟಾದರೆ ಸಾಕು. ಗಂಟೆಗೆ 18 ಕಿ.ಮೀ. ಇದ್ದದ್ದು ಸುಮಾರು 220 ಆಗಬೇಕು. ಬರೀ ಗಾಳಿ ಎಂದವರು ಸಿಕ್ಕಿಹಾಕಿಕೊಂಡದ್ದು ಇಲ್ಲೇ. ಕೆಸರು ಜಾರುತ್ತೆ, ಪಾಚಿ ಜಾರುತ್ತೆ ಎಂದು ಎಷ್ಟು ಕಮ್ಮಿ ಮಾಡಿದರೂ ಬಿರುಗಾಳಿ ಬೇಕೇ ಬೇಕಾಗುತ್ತಿತ್ತು.

ಈಗ ಮಂಜಿನ ಹಾಳೆ. ಗಾಳಿ ಅದರ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಒಂದು ಚದರ ಮೀಟರಿಗೆ ಸಿಗುವ ಎಳೆತ ಬರೀ ಆರು ಗ್ರಾಂ ತೂಕದಷ್ಟು. ನಗು ಬರುತ್ತೆ. ಆದರೆ 40 ಮೀಟರ್ ಉದ್ದ, 40 ಮೀಟರ್ ಅಗಲದ ಹಾಳೆಗೆ 1,600 ಚದರ ಮೀಟರ್. ಒಟ್ಟು ಹತ್ತು ಕಿಲೋ ಹತ್ತಿರ! ಅಷ್ಟೂ ಬಂದು ಒಂದೇ ಕಲ್ಲಿನ ಬೆನ್ನಿಗೆ ಬೀಳುತ್ತದೆ. ಅದೇ ಗಾಳಿ ಕೆಳಗಿನ ನೀರನ್ನೂ ಅದೇ ಕಡೆಗೆ ಸರಿಸುತ್ತದೆ, ಅದೂ ಹಾಳೆಯನ್ನು ದೂಡುತ್ತದೆ. ಕಲ್ಲಿನ ಕೆಳಗಿರುವುದು ನೀರು ಕುಡಿದ ಜೇಡಿ. ನಿಮ್ಮ ಟ್ರೇಯ ಹಪ್ಪಳ ಅರ್ಧ ಚದರ ಮೀಟರೂ ಇರಲಿಕ್ಕಿಲ್ಲ.

ಮಕ್ಕಳಿಗೆ ಹೇಳುವಾಗ ದೋಣಿಯ ಹಾಯಿ ಎನ್ನುತ್ತೇನೆ. ಈ ಹಾಯಿ ಎದ್ದು ನಿಂತಿಲ್ಲ, ನೀರಿನ ಮೇಲೆ ಮಲಗಿದೆ.

ಹಾದಿಹೋಕ:

ಇಬ್ಬರಿಗೂ ದೊಡ್ಡ ನಮಸ್ಕಾರ. ಪೂರ್ತಿ ಓದಿ ಹೇಳಿದೆ. ಮೊಟ್ಟೆಯ ಲೆಕ್ಕಕ್ಕೆ ಅಪ್ಪ ತಲೆಯಾಡಿಸಿದರು. ಆದರೆ ನೆಂಟಸ್ತಿಕೆಯ ಪ್ರಶ್ನೆ ಬಿಡುತ್ತಿಲ್ಲ. ಒಂದು ಕಲ್ಲು ಹೋಗಿ ಪಕ್ಕದ್ದು ಯಾಕೆ ನಿಂತಿತು? ಗೂಟದ ಕಥೆ ಕೇಳಿದ ಮೇಲೆ ಹಠ ಜಾಸ್ತಿಯಾಗಿದೆ. "ನೋಡು, ಆ ವಿಜ್ಞಾನಿಗಳೂ ನನ್ನ ಪಾರ್ಟಿ" ಅನ್ನುತ್ತಿದ್ದಾರೆ.

ತಂಪುಪೆಟ್ಟಿಗೆ:

ಅಪ್ಪನಿಗೆ ಹೇಳಿ, ಶಾರ್ಪ್ ಅವರ ದೊಡ್ಡಿಯಲ್ಲೂ ಹಾಗೇ ಆಗಿತ್ತು. ಆಮೇಲೆ ಅದರೊಳಗೆ ಇನ್ನೂ ಎರಡು ಭಾರದ ಕಲ್ಲು ಇಟ್ಟಿದ್ದರು. ಐದು ವರ್ಷ ಬಿಟ್ಟು ಒಂದು ಹೋಯಿತು, ಇನ್ನೊಂದು ಅಲ್ಲೇ ಉಳಿಯಿತು.

ಇಲ್ಲೇ ದಪ್ಪದ ಎಡವಟ್ಟು ಬರುವುದು. ಅರ್ಧ ಅಡಿ ಮಂಜಾದರೆ ಗೂಟಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ, ಇಲ್ಲ ಗೂಟವನ್ನೇ ಕಿತ್ತೊಯ್ಯುತ್ತದೆ. ಐದು ಮಿಲಿಮೀಟರಿನ ಹಾಳೆ ಗೂಟಕ್ಕೆ ತಗಲಿದರೆ ಅಷ್ಟು ಕಡೆ ಪಟ್ ಎಂದು ಮುರಿಯುತ್ತದೆ. ಉಳಿದದ್ದು ಮುಂದೆ ಹೋಗುತ್ತದೆ. ಕಲ್ಲಿಗೂ ಹಾಗೆಯೇ. ನೆಲಕ್ಕೆ ಗಟ್ಟಿಯಾಗಿ ಕಚ್ಚಿಕೊಂಡ ಕಲ್ಲಿನ ಎದುರು ಹಾಳೆ ಸೀಳಿಹೋಗುತ್ತದೆ. ಕಚ್ಚಿಕೊಳ್ಳದೆ ಇದ್ದ ಕಲ್ಲು ಹಾಳೆ ಸೀಳುವ ಮೊದಲೇ ಹೊರಟುಬಿಡುತ್ತದೆ. ಪಕ್ಕಪಕ್ಕದ ಎರಡು ಕಲ್ಲುಗಳಿಗೆ ಒಂದೇ ಹಾಳೆ ಬರಬೇಕೆಂದೂ ಇಲ್ಲ. ಲೊರೆನ್ಸ್ ಡಬ್ಬಿಯ ಪ್ರಯೋಗದಿಂದ, ಮಂಜು ಕೊರಳಪಟ್ಟಿಯ ಹಾಗೆ ಕಲ್ಲನ್ನು ಹಿಡಿದು ಮೇಲೆತ್ತುತ್ತೆ ಎಂದುಕೊಂಡಿದ್ದರು. ನೋಡಿದಾಗ ಎತ್ತುವುದೂ ಇರಲಿಲ್ಲ, ಹಿಡಿಯುವುದೂ ಇರಲಿಲ್ಲ. ಬರೀ ಒತ್ತುವುದು.

ದೂರದೂರದ ಕಲ್ಲುಗಳಿಗೆ ಒಂದೇ ಹಾಳೆ ಸಿಕ್ಕರೆ ಏನಾಗುತ್ತದೆ ಎನ್ನುವುದಕ್ಕೆ ಜಿಪಿಎಸ್ ಸಾಕ್ಷಿ ಇದೆ. 150 ಮೀಟರಿಗೂ ಹೆಚ್ಚು ಅಂತರದಲ್ಲಿದ್ದ ಎರಡು ಕಲ್ಲುಗಳು 2013ರ ಡಿಸೆಂಬರ್ 4ರಂದು ಒಂದೇ ಹೊತ್ತಿಗೆ ಹೊರಟವು. ಎರಡೂ 60 ಮೀಟರಿಗಿಂತ ಹೆಚ್ಚು ಹೋಗಿ ನಿಂತವು. ನಿಮ್ಮ ಕುಕ್ಕರ್ ಕಲ್ಲು ಬಲಕ್ಕೆ ತಿರುಗಿದೆ ಎಂದಿರಿ. ಆಗ ಗಾಳಿ ತಿರುಗಿರಬೇಕು, ಅಥವಾ ಹಾಳೆ. ಹಾಗಿದ್ದರೆ ಅಕ್ಕಪಕ್ಕದ ಗೆರೆಗಳೂ ಅದೇ ಥರ ತಿರುಗಿರಬೇಕು. ಫೋಟೊ ತೆಗೆದಿದ್ದೀರಾ?

ಸುಮ್ನೆ ಓದುವವ:

ನನ್ನ ಓಟು ವಾಪಸ್. ಒಂದು ಅನುಮಾನ ಮಾತ್ರ. ಗೆರೆ ಇದೆ, ಕೊನೆಯಲ್ಲಿ ಕಲ್ಲೇ ಇಲ್ಲ ಎನ್ನುವ ಫೋಟೊ ನೋಡಿದ್ದೇನೆ. ಅದು ಕಳ್ಳತನ ತಾನೇ?

ತಂಪುಪೆಟ್ಟಿಗೆ:

ಕಲ್ಲು ಹೊತ್ತುಕೊಂಡು ಹೋಗುವ ಮಹಾನುಭಾವರೂ ಇದ್ದಾರೆ. ಮನೆಗೆ ತಂದ ಮೇಲೆ ಅದೊಂದು ಮಾಮೂಲಿ ಕಲ್ಲು, ಏನು ಸುಖವೋ. ಆದರೆ ಅಂಥ ಎಲ್ಲ ಗೆರೆಗೂ ಕಳ್ಳರನ್ನು ಬೈಯಬೇಡಿ. ಮಂಜಿನ ತುಂಡೇ ಒಂದೊಂದು ಸಲ ನೆಲಕ್ಕೆ ತಾಗಿ ಕೆಸರನ್ನು ಗೀರಿಕೊಂಡು ಹೋಗುತ್ತದೆ. ಆಮೇಲೆ ಕರಗುತ್ತದೆ. ಗೆರೆ ಉಳಿಯುತ್ತದೆ, ಗೀರಿದ್ದು ಉಳಿಯುವುದಿಲ್ಲ. ನಾರಿಸ್ ಅವರ ತಂಡ ಇದನ್ನೂ ನೋಡಿದೆ. ಕ್ಯಾರನ್ ಬಂಡೆಯೂ ಒಮ್ಮೆ ಕಾಣೆಯಾಗಿತ್ತು, 1996ರಲ್ಲಿ ಪೌಲಾ ಮೆಸಿನಾ ಎನ್ನುವ ಭೂವಿಜ್ಞಾನಿಗೆ ಬೇರೆ ಕಡೆ ಸಿಕ್ಕಿತು.

ಹಾದಿಹೋಕ:

ಫೋಟೊ ಇದೆ. ನಾನು ತೆಗೆದದ್ದಲ್ಲ, ಅಪ್ಪ ತೆಗೆದದ್ದು. ಟೈರಿನ ಸಿಟ್ಟಿನಲ್ಲಿ ನಾನು ಕಾರಿನ ಹತ್ತಿರ ಇದ್ದಾಗ ಅವರು ಗುಡ್ಡದ ಬುಡಕ್ಕೆ ಸ್ವಲ್ಪ ಹತ್ತಿ ನಾಲ್ಕು ಫೋಟೊ ತೆಗೆದಿದ್ದಾರೆ. ಇವತ್ತು ಬೆಳಿಗ್ಗೆ ಅದನ್ನು ಟಿವಿಯಲ್ಲಿ ದೊಡ್ಡದು ಮಾಡಿ ನೋಡಿದೆವು. ಕುಕ್ಕರ್ ಕಲ್ಲಿನ ಗೆರೆ ಎಡದಲ್ಲಿದೆ. ಅದರ ಆಚೆ ಇನ್ನೆರಡು ಗೆರೆ, ಒಂದು ಸಣ್ಣ ಕಲ್ಲಿನದು, ಒಂದು ತುದಿಯಲ್ಲಿ ಏನೂ ಇಲ್ಲದ್ದು. ಅಪ್ಪ ಕನ್ನಡಕ ಏರಿಸಿಕೊಂಡು ಟಿವಿಯ ಮೇಲೇ ಸ್ಕೇಲ್ ಇಟ್ಟರು. ಮೂರೂ ಗೆರೆ ಒಂದೇ ಕಡೆ ಬಲಕ್ಕೆ ತಿರುಗಿವೆ.

ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ಕೇಳಿದ್ದು ಇಷ್ಟೇ: "ಡಿಸೆಂಬರ್‌ನಲ್ಲಿ ಆ ರಸ್ತೆಗೆ ಎರಡು ಸ್ಟೆಪ್ನಿ ಸಾಕಾಗುತ್ತಾ?"